ಬಸ್ಕಿ ಹೇಳಿಕೊಡುವವಳು ಪದವಿಗೆ ಹೊರಟಿದ್ದೇನೆ

ಬರುವ ಶೈಕ್ಷಣಿಕ ವರ್ಷದಿಂದ ವ್ಯಾಯಾಮ ವಿಜ್ಞಾನದ ಪದವಿಗೆ ಸೇರಬೇಕೆಂದು ತೀರ್ಮಾನಿಸಿದ್ದೇನೆ. ಬೆಳಗಿನ ತಂಡಕ್ಕೊಂದು, ಸಂಜೆಯ ತಂಡಕ್ಕೊಂದು ತರಗತಿ ನಡೆಸುತ್ತಾ ಕೆಲವು ವರ್ಷಗಳಿಂದ ಇದೇ ಕೆಲಸದಲ್ಲಿ ಇದ್ದೇನೆ. ತರಬೇತುದಾರರ ಪ್ರಮಾಣಪತ್ರ ಕೈಯಲ್ಲಿದೆ, ಬರುವ ಜನರೂ ಇದ್ದಾರೆ. ಹಾಗಿರುವಾಗ ಇನ್ನೂ ಓದುವುದು ಏಕೆ ಎಂದು ಎಲ್ಲರೂ ಕೇಳುತ್ತಿದ್ದಾರೆ. ನನ್ನ ಅಣ್ಣನಂತೂ, "ನಾಲ್ಕು ಜನರಿಂದ ಬಸ್ಕಿ ಹೊಡೆಸುವುದಕ್ಕೆ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಬೇಕೇನೇ?" ಎಂದ.

"ಹೊಡೆಸುವುದಕ್ಕೆ ಬೇಡ ಅಣ್ಣ. ಯಾರಿಂದ ಹೊಡೆಸಬಾರದು, ಏಕೆ ಹೊಡೆಸಬಾರದು ಎಂದು ತಿಳಿಯುವುದಕ್ಕೆ ಬೇಕು" ಎಂದೆ.

ಆ ಮಾತನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ. ವ್ಯಾಯಾಮದ ತರಗತಿಗೆ ಬರುವವರೆಲ್ಲ ಇಪ್ಪತ್ತರ ಹರೆಯದ ಗಟ್ಟಿಮುಟ್ಟಾದವರಲ್ಲ. ಮಂಡಿ ಸವೆದವರು ಬರುತ್ತಾರೆ. ಇನ್ಸುಲಿನ್ ಚುಚ್ಚಿಕೊಂಡು ಬರುವವರಿದ್ದಾರೆ. ಹೆರಿಗೆಯಾಗಿ ಕೆಲವು ತಿಂಗಳಾದ ತಾಯಂದಿರು, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ವರ್ಷಗಟ್ಟಲೆ ಕುರ್ಚಿಯಲ್ಲೇ ಕುಳಿತು ಸೊಂಟ ಹಿಡಿದುಕೊಂಡವರು ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಕೆಲವು ವಾರಗಳ ಪ್ರಮಾಣಪತ್ರದ ತರಬೇತಿ ನನಗೆ ಚಲನೆಗಳನ್ನು ಕಲಿಸಿತು, ಅದರ ಋಣ ದೊಡ್ಡದು. ಆದರೆ ಚಲನೆಯೊಂದು ದೇಹದ ಒಳಗೆ ಏನೇನು ಮಾಡುತ್ತದೆ ಎಂಬುದನ್ನು ಕಲಿಸುವಷ್ಟು ಸಮಯ ಅದಕ್ಕೆ ಇರಲಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ, ಏಕೆಂದರೆ ನನ್ನ ಓದಿನ ಯೋಜನೆಯೆಲ್ಲ ಅದರಿಂದಲೇ ಹುಟ್ಟಿದ್ದು. ಅರವತ್ತೆರಡು ವರ್ಷದ ಸದಸ್ಯರೊಬ್ಬರು ಟ್ರೆಡ್‌ಮಿಲ್ ಮೇಲೆ ನಡೆಯುತ್ತಿದ್ದರು. ಕೈಗಡಿಯಾರ ಹೃದಯ ಬಡಿತವನ್ನು ನಿಮಿಷಕ್ಕೆ 98 ಎಂದು ತೋರಿಸುತ್ತಿತ್ತು. ನಮ್ಮಲ್ಲಿ ಎಲ್ಲರೂ ಬಳಸುವ ಸೂತ್ರದ ಪ್ರಕಾರ 220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಬಡಿತ 158. ಅದರ ಶೇಕಡಾ 64ರಿಂದ 76 ಎಂದರೆ ಸುಮಾರು 101ರಿಂದ 120, ಅದು ಮಧ್ಯಮ ತೀವ್ರತೆಯ ವ್ಯಾಯಾಮ. ಲೆಕ್ಕ ನಂಬಿದರೆ ಅವರು ಇನ್ನೂ ಹಗುರವಾಗಿ ನಡೆಯುತ್ತಿದ್ದರು. ಆದರೆ ಮನುಷ್ಯ ಮೇಲುಸಿರು ಬಿಡುತ್ತಿದ್ದರು, ಕುತ್ತಿಗೆಯ ನರಗಳು ಬಿಗಿದಿದ್ದವು, ಒಂದು ವಾಕ್ಯ ಪೂರ್ತಿ ಹೇಳಲು ಆಗುತ್ತಿರಲಿಲ್ಲ. ವೇಗ ಇಳಿಸಿ, ನಿಧಾನವಾಗಿ ನಿಲ್ಲಿಸಿ, ಕೂರಿಸಿ ಕೇಳಿದೆ: "ಸರ್, ಹೊಸದಾಗಿ ಯಾವುದಾದರೂ ಮಾತ್ರೆ ಶುರುಮಾಡಿದ್ದೀರಾ?"

"ಹೌದಮ್ಮ, ರಕ್ತದೊತ್ತಡಕ್ಕೆ ಬೇರೆ ಮಾತ್ರೆ ಬರೆದುಕೊಟ್ಟಿದ್ದಾರೆ" ಎಂದರು. ವೈದ್ಯರನ್ನು ಕೇಳಿಕೊಂಡು ಬರುವ ತನಕ ಅವರಿಗೆ ವ್ಯಾಯಾಮ ಬೇಡವೆಂದೆ. ಅದು ಬೀಟಾ ಬ್ಲಾಕರ್ ಗುಂಪಿನ ಔಷಧ. ಶ್ರಮ ಹೆಚ್ಚಿದಾಗ ಅಡ್ರಿನಲಿನ್ ಹೃದಯಕ್ಕೆ 'ಬೇಗ ಬಡಿ' ಎಂದು ಹೇಳುವ ದಾರಿಯನ್ನೇ ಈ ಮಾತ್ರೆ ತಡೆಯುತ್ತದೆ. ಹಾಗಾಗಿ ಎಷ್ಟೇ ದುಡಿದರೂ ಬಡಿತ ಸೂತ್ರದ ಮಟ್ಟಕ್ಕೆ ಏರುವುದಿಲ್ಲ. ಗಡಿಯಾರ ನೋಡುತ್ತಾ "ಇನ್ನೂ ವೇಗ, ಇನ್ನೂ ವೇಗ" ಎಂದು ಹುರಿದುಂಬಿಸುವ ತರಬೇತುದಾರ ಅಂಥವರನ್ನು ಎಲ್ಲಿಗೆ ತಳ್ಳಬಹುದು ಎಂದು ಯೋಚಿಸಿದರೆ ಈಗಲೂ ಮೈ ನಡುಗುತ್ತದೆ.

ಆಮೇಲೆ ಓದುತ್ತಾ ಹೋದೆ. 220ರ ಸೂತ್ರ ಫಾಕ್ಸ್ ಮತ್ತು ಅವರ ಸಹೋದ್ಯೋಗಿಗಳ 1971ರ ಬರಹವೊಂದರಿಂದ ಬಂದದ್ದು. ಅದಕ್ಕಾಗಿಯೇ ನಡೆಸಿದ ಪ್ರಯೋಗದಿಂದ ಹುಟ್ಟಿದ್ದಲ್ಲ, ಬೇರೆ ಬೇರೆ ಅಧ್ಯಯನಗಳ ಅಂಕಿಗಳ ನಡುವೆ ಎಳೆದ ಒಂದು ಅಂದಾಜು ಗೆರೆ. 2001ರಲ್ಲಿ ತನಾಕ ಮತ್ತು ಸಂಗಡಿಗರು ವಯಸ್ಸನ್ನು 0.7ರಿಂದ ಗುಣಿಸಿ 208ರಲ್ಲಿ ಕಳೆಯಬೇಕೆಂದು ತೋರಿಸಿದರು. ಅದರಂತೆ ನಮ್ಮ ಹಿರಿಯರ ಗರಿಷ್ಠ ಬಡಿತ ಸುಮಾರು 165. ಎರಡೂ ಸೂತ್ರಗಳು ಸರಾಸರಿಯನ್ನು ಹೇಳುತ್ತವೆ, ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲು. ಬೀಟಾ ಬ್ಲಾಕರ್ ಸೇವಿಸುವವರ ಮಟ್ಟಿಗಂತೂ ಇವೆರಡೂ ಕೆಲಸಕ್ಕೆ ಬಾರವು. ಅಲ್ಲಿ ಕೈಹಿಡಿಯುವುದು ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ ರೂಪಿಸಿದ ಶ್ರಮದ ಅಳತೆಪಟ್ಟಿ. 6ರಿಂದ 20ರವರೆಗಿನ ಅಂಕಗಳಲ್ಲಿ, ತನಗೆ ಎಷ್ಟು ಕಷ್ಟವಾಗುತ್ತಿದೆ ಎಂದು ವ್ಯಾಯಾಮ ಮಾಡುವವರೇ ಹೇಳಬೇಕು. 13 ಎಂದರೆ 'ಸ್ವಲ್ಪ ಕಷ್ಟ'. ಪಟ್ಟಿ 6ರಿಂದ ಶುರುವಾಗುವುದು ವಿಚಿತ್ರವಾಗಿ ಕಾಣುತ್ತದೆ. ಆದರೆ ಆರೋಗ್ಯವಂತ ತರುಣರ ಹೃದಯ ವಿಶ್ರಾಂತಿಯಲ್ಲಿ ಸುಮಾರು 60, ಪರಾಕಾಷ್ಠೆಯಲ್ಲಿ ಸುಮಾರು 200 ಸಲ ಬಡಿಯುತ್ತದೆ. ಅಂಕದ ಮುಂದೆ ಒಂದು ಸೊನ್ನೆ ಹಾಕಿ ನೋಡಿ. ಇದನ್ನು ಓದಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಇಂಥ ತಿಳಿವಳಿಕೆ ಪದವಿಯಲ್ಲಿ ಎಲ್ಲಿ ಸಿಗುತ್ತದೆ ಎಂದು ಹುಡುಕಲು ಕುಳಿತಾಗಲೇ ನನ್ನ ಯೋಜನೆಗೆ ರೂಪ ಬಂತು. ಹೆಚ್ಚಿನ ಪಠ್ಯಕ್ರಮಗಳಲ್ಲಿ ಇದು 'ವ್ಯಾಯಾಮ ಪರೀಕ್ಷೆ ಮತ್ತು ಸಲಹೆ' ಎಂಬ ವಿಷಯದೊಳಗೆ ಬರುತ್ತದೆ, ಅದೂ ಕೊನೆಯ ಹಂತದಲ್ಲಿ. ಅದನ್ನು ತೆಗೆದುಕೊಳ್ಳಬೇಕಾದರೆ ಮೊದಲು ವ್ಯಾಯಾಮ ಶರೀರಕ್ರಿಯಾಶಾಸ್ತ್ರ ಮುಗಿದಿರಬೇಕು. ಅದಕ್ಕೆ ಮೊದಲು ಸಾಮಾನ್ಯ ಶರೀರಕ್ರಿಯಾಶಾಸ್ತ್ರ, ಅದಕ್ಕೂ ಮೊದಲು ಅಂಗರಚನಾಶಾಸ್ತ್ರ ಮತ್ತು ರಸಾಯನಶಾಸ್ತ್ರದ ಬುನಾದಿ. ಒಂದು ಸೆಮಿಸ್ಟರಿನಲ್ಲಿ ರಸಾಯನಶಾಸ್ತ್ರ ತಪ್ಪಿಹೋದರೆ ಸರಪಳಿಯೆಲ್ಲ ಒಂದು ವರ್ಷ ಹಿಂದಕ್ಕೆ ಸರಿಯುತ್ತದೆ, ಏಕೆಂದರೆ ಈ ವಿಷಯಗಳಲ್ಲಿ ಕೆಲವನ್ನು ವರ್ಷಕ್ಕೊಮ್ಮೆ ಮಾತ್ರ ಕಲಿಸುವ ವಿಭಾಗಗಳಿವೆ. ಆದ್ದರಿಂದ ನನ್ನ ಪಟ್ಟಿಯನ್ನು ತುದಿಯಿಂದ ಬುಡಕ್ಕೆ ಬರೆದೆ. ಮೊದಲು ಬರೆದದ್ದು, ಪದವಿ ಮುಗಿದ ಮೇಲೆ ನನ್ನ ಎದುರು ನಿಲ್ಲಬೇಕಾದವರು ಯಾರು ಎಂಬುದನ್ನು. ನನ್ನ ಉತ್ತರ: ಐವತ್ತು ದಾಟಿದವರು, ದೀರ್ಘಕಾಲದ ಕಾಯಿಲೆ ಇದ್ದೂ ಚಲಿಸಬೇಕೆಂಬ ಆಸೆ ಇರುವವರು. ಅದರ ಕೆಳಗೆ ಅವರಿಗಾಗಿ ನಾನು ತಿಳಿದಿರಲೇಬೇಕಾದ ವಿಷಯಗಳನ್ನು, ಅದರ ಕೆಳಗೆ ಆ ವಿಷಯಗಳಿಗೆ ಬೇಕಾದ ಪೂರ್ವಸಿದ್ಧತೆಯನ್ನು ಬರೆಯುತ್ತಾ ಹೋದೆ. ಓಟಗಾರರನ್ನು ತಯಾರು ಮಾಡಬೇಕೆನ್ನುವವರ ಪಟ್ಟಿ ಬೇರೆಯೇ ಆಗುತ್ತದೆ. ಅವರಿಗೆ ಬಯೋಮೆಕ್ಯಾನಿಕ್ಸ್ (ಚಲನೆಯ ಹಿಂದಿನ ಬಲಗಳ ಅಧ್ಯಯನ), ಶಕ್ತಿ ತರಬೇತಿ, ಋತುವಾರು ತರಬೇತಿಯ ಯೋಜನೆ ಹೆಚ್ಚು ಬೇಕು.

ಪದವಿಯ ಹೆಸರು ನೋಡಿ ನಿರ್ಧರಿಸಲು ಆಗುವುದಿಲ್ಲ ಎಂಬುದು ಪಠ್ಯಕ್ರಮಗಳನ್ನು ಪಕ್ಕಪಕ್ಕ ಇಟ್ಟುಕೊಂಡಾಗ ಸ್ಪಷ್ಟವಾಯಿತು. ವ್ಯಾಯಾಮ ವಿಜ್ಞಾನ, ಕ್ರೀಡಾ ವಿಜ್ಞಾನ, ಕಿನಿಸಿಯಾಲಜಿ, ಮಾನವ ಚಲನ ವಿಜ್ಞಾನ, ದೈಹಿಕ ಶಿಕ್ಷಣ, ಫಿಟ್‌ನೆಸ್ ನಿರ್ವಹಣೆ: ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಓದು, ಬೇರೆ ಬೇರೆ ಹೆಸರುಗಳ ಕೆಳಗೆ ಒಂದೇ ಓದು. ದೈಹಿಕ ಶಿಕ್ಷಣದ ಒಲವು ಹೆಚ್ಚಾಗಿ ಶಾಲಾ ಶಿಕ್ಷಕರನ್ನು ತಯಾರು ಮಾಡುವ ಕಡೆಗೆ, ಕ್ರೀಡಾ ವಿಜ್ಞಾನದ್ದು ಆಟಗಾರರ ಸಾಧನೆಯ ಕಡೆಗೆ. ನಿರ್ವಹಣೆ ಎಂಬ ಪದ ಹೆಸರಿನಲ್ಲಿದ್ದರೆ ಲೆಕ್ಕಪತ್ರ, ಮಾರುಕಟ್ಟೆ, ಸಿಬ್ಬಂದಿಯ ವಿಷಯಗಳು ದೊಡ್ಡ ಪಾಲು ತೆಗೆದುಕೊಂಡಿರುತ್ತವೆ. ಸ್ವಂತ ಕೇಂದ್ರ ತೆರೆಯಬೇಕೆನ್ನುವವರಿಗೆ ಅದು ಒಳ್ಳೆಯ ಆಯ್ಕೆಯೇ. ನನಗೆ ಬೇಕಾದದ್ದು ವಿಜ್ಞಾನದ ಬೆನ್ನೆಲುಬಿದ್ದು ಕೊನೆಯಲ್ಲಿ ಕಲಿಸುವ ಕಲೆಗೂ ಜಾಗ ಇರುವ ಓದು. ಹಾಗಾಗಿ ವಿವರಣಾಪುಟದ ಚಿತ್ರಗಳನ್ನು ಬದಿಗಿಟ್ಟು, ಸೆಮಿಸ್ಟರುವಾರು ವಿಷಯಪಟ್ಟಿ ಮತ್ತು ಪ್ರತಿಯೊಂದರ ಪ್ರಯೋಗಾಲಯದ ಗಂಟೆಗಳನ್ನಷ್ಟೇ ಓದಿದೆ.

ಅಂಗರಚನಾಶಾಸ್ತ್ರ ಎಂದರೆ ಹಲವರಿಗೆ ಉರುಹೊಡೆಯುವ ಭಯ. ವಯಸ್ಕರ ದೇಹದಲ್ಲಿ 206 ಮೂಳೆಗಳು, 600ಕ್ಕೂ ಹೆಚ್ಚು ಸ್ನಾಯುಗಳು. ಹೆಸರುಗಳ ಪಟ್ಟಿಯಾಗಿ ನೋಡಿದರೆ ಯಾರಿಗಾದರೂ ಎದೆ ಕುಸಿಯುತ್ತದೆ. ನಾನು ಈಗಿನಿಂದಲೇ ಬೇರೆ ದಾರಿಯಲ್ಲಿ ಓದಲು ಶುರುಮಾಡಿದ್ದೇನೆ: ತರಗತಿಯಲ್ಲಿ ಮಾಡಿಸುವ ಒಂದೊಂದು ಚಲನೆಯನ್ನು ಹಿಡಿದು, ಅದರಲ್ಲಿ ದುಡಿಯುವ ಸ್ನಾಯು ಎಲ್ಲಿಂದ ಹೊರಟು ಎಲ್ಲಿ ಅಂಟಿಕೊಂಡಿದೆ ಎಂದು ನೋಡುವುದು.

ಮೀನಖಂಡವನ್ನೇ ತೆಗೆದುಕೊಳ್ಳಿ. ನಿಂತು ಹಿಮ್ಮಡಿ ಎತ್ತುವ ವ್ಯಾಯಾಮ ಎಲ್ಲರಿಗೂ ಗೊತ್ತು, ಕುಳಿತು ಎತ್ತುವುದೂ ಗೊತ್ತು. ಎರಡನ್ನೂ ಏಕೆ ಮಾಡಿಸುತ್ತೇವೆ? ಮೀನಖಂಡದಲ್ಲಿ ಮುಖ್ಯವಾಗಿ ಎರಡು ಸ್ನಾಯುಗಳಿವೆ. ಮೇಲ್ಪದರದ ಗ್ಯಾಸ್ಟ್ರಾಕ್ನೀಮಿಯಸ್ ತೊಡೆಯ ಮೂಳೆಯ ಕೆಳತುದಿಯಿಂದ ಹೊರಡುತ್ತದೆ, ಅಂದರೆ ಮಂಡಿಯನ್ನೂ ದಾಟಿ ಪಾದಕ್ಕೆ ಬರುತ್ತದೆ. ಅದರ ಅಡಿಯಲ್ಲಿರುವ ಸೋಲಿಯಸ್ ಮಂಡಿಯ ಕೆಳಗಿನಿಂದಲೇ ಶುರುವಾಗುತ್ತದೆ. ಎರಡೂ ಸೇರಿ ಅಕಿಲಿಸ್ ಸ್ನಾಯುರಜ್ಜುವಿನ ಮೂಲಕ ಹಿಮ್ಮಡಿಯ ಮೂಳೆಯನ್ನು ಹಿಡಿದಿವೆ. ಕುಳಿತಾಗ ಮಂಡಿ ಮಡಚಿರುತ್ತದೆ, ಮೇಲಿನ ಸ್ನಾಯು ಸಡಿಲಗೊಂಡು ಅದರ ಎಳೆತ ತಗ್ಗುತ್ತದೆ, ಕೆಲಸದ ಭಾರ ಸೋಲಿಯಸ್ ಮೇಲೆ ಬೀಳುತ್ತದೆ. ಕುರ್ಚಿಯಲ್ಲಿ ಕುಳಿತು ಬೆರಳುಗಳನ್ನು ಮೀನಖಂಡದ ಮೇಲಿಟ್ಟು ಹಿಮ್ಮಡಿ ಎತ್ತಿ ನೋಡಿ, ಮೇಲಿನ ಉಬ್ಬು ಮೆತ್ತಗೇ ಉಳಿಯುವುದು ತಿಳಿಯುತ್ತದೆ. ಎದ್ದು ನಿಂತು ಎತ್ತಿದರೆ ಅದೇ ಉಬ್ಬು ಕಲ್ಲಿನಂತಾಗುತ್ತದೆ. ಹೀಗೆ ಕೈಯಿಂದ ಮುಟ್ಟಿ ಕಲಿತ ಹೆಸರು ಪರೀಕ್ಷೆ ಮುಗಿದ ಮೇಲೂ ಮರೆಯುವುದಿಲ್ಲ. ಹಾಗಾಗಿ ಚರ್ಮದ ಮೇಲಿನಿಂದ ಮುಟ್ಟಿ ಗುರುತಿಸುವುದನ್ನು ಕಲಿಸುವ ಪ್ರಾಯೋಗಿಕ ತರಗತಿ ಇದೆಯೇ ಎಂದು ಪ್ರತಿ ವಿಭಾಗದಲ್ಲೂ ಕೇಳುತ್ತಿದ್ದೇನೆ.

ಶರೀರಕ್ರಿಯಾಶಾಸ್ತ್ರದ ಬಗ್ಗೆ ನನಗೆ ಇನ್ನೂ ಹೆಚ್ಚಿನ ಆಸೆ. ತರಗತಿಯಲ್ಲಿ ದಿನವೂ ಎದುರಾಗುವ ಪ್ರಶ್ನೆಗಳಿಗೆ ಉತ್ತರ ಅಲ್ಲಿದೆ. ಎರಡು ಸುತ್ತುಗಳ ನಡುವೆ ಎಷ್ಟು ಹೊತ್ತು ಬಿಡುವು ಕೊಡಬೇಕು? ಸ್ನಾಯುವಿನಲ್ಲಿ ಕೂಡಲೇ ಬಳಸಬಹುದಾದ ಫಾಸ್ಫೋಕ್ರಿಯಾಟಿನ್ ಎಂಬ ಶಕ್ತಿಯ ದಾಸ್ತಾನು ಪೂರ್ತಿ ಬಲ ಹಾಕಿದರೆ ಸುಮಾರು ಹತ್ತು ಸೆಕೆಂಡುಗಳಲ್ಲಿ ಬಹುಮಟ್ಟಿಗೆ ಖಾಲಿಯಾಗುತ್ತದೆ, ಮತ್ತೆ ತುಂಬಿಕೊಳ್ಳಲು ಮೂರರಿಂದ ಐದು ನಿಮಿಷ ಬೇಕು. ಅದಕ್ಕೇ ದೊಡ್ಡ ಭಾರ ಎತ್ತುವವರಿಗೆ ಉದ್ದನೆಯ ಬಿಡುವು. "ನಿನ್ನೆಯ ಲ್ಯಾಕ್ಟಿಕ್ ಆಮ್ಲ ಇನ್ನೂ ಕಾಲಿನಲ್ಲೇ ಕುಳಿತಿದೆ ಮೇಡಂ" ಎನ್ನುವವರು ವಾರಕ್ಕೊಬ್ಬರಾದರೂ ಸಿಗುತ್ತಾರೆ. ಅವರು ಹೇಳುವ ಆ ವಸ್ತು, ಅಂದರೆ ಲ್ಯಾಕ್ಟೇಟ್, ವ್ಯಾಯಾಮ ಮುಗಿದು ಒಂದೆರಡು ಗಂಟೆಯೊಳಗೆ ರಕ್ತದಲ್ಲಿ ಮೊದಲಿನ ಮಟ್ಟಕ್ಕೆ ಬಂದಿರುತ್ತದೆ. ಹೃದಯವೂ ಇತರ ಸ್ನಾಯುಗಳೂ ಅದನ್ನು ಇಂಧನವಾಗಿ ಬಳಸಿಕೊಳ್ಳುತ್ತವೆ. ಒಂದರಿಂದ ಮೂರು ದಿನಗಳ ತನಕ ಕಾಡುವ ನೋವಿಗೆ ಕಾರಣ ಸ್ನಾಯುತಂತುಗಳಿಗಾದ ಸೂಕ್ಷ್ಮ ಘಾಸಿ ಮತ್ತು ಅದರ ದುರಸ್ತಿ. ಸ್ನಾಯು ಉದ್ದವಾಗುತ್ತಾ ಭಾರ ತಡೆಯುವಾಗ ಅದು ಹೆಚ್ಚು, ಮೆಟ್ಟಿಲು ಹತ್ತಿದ್ದಕ್ಕಿಂತ ಇಳಿದದ್ದರಿಂದ ತೊಡೆ ನೋಯುವುದು ಅದಕ್ಕೇ.

ಈ ಶಾಸ್ತ್ರದ ಚರಿತ್ರೆಯೂ ನನ್ನನ್ನು ಸೆಳೆದಿದೆ. ಸ್ನಾಯುವಿನಲ್ಲಿ ಶಾಖ ಹುಟ್ಟುವ ಬಗೆಯನ್ನು ಅಳೆದ ಎ. ವಿ. ಹಿಲ್ ಅವರಿಗೆ 1922ರ ನೊಬೆಲ್ ಪ್ರಶಸ್ತಿ ಬಂತು. ದೇಹ ಬಳಸಬಲ್ಲ ಆಮ್ಲಜನಕಕ್ಕೆ ಒಂದು ಮೇಲ್ಮಿತಿ ಇದೆ ಎಂಬುದನ್ನು ತೋರಿಸಲು ಅವರು ತಾವೇ ಓಡಿ, ಉಸಿರನ್ನು ಚೀಲದಲ್ಲಿ ಹಿಡಿದು ಅಳೆಸಿಕೊಂಡರು. ಹಾರ್ವರ್ಡಿನಲ್ಲಿ 1927ರಿಂದ 1947ರವರೆಗೆ ನಡೆದ ದಣಿವಿನ ಪ್ರಯೋಗಾಲಯ ಈ ಕ್ಷೇತ್ರದ ಹಲವು ಸಂಶೋಧಕರನ್ನು ಬೆಳೆಸಿತು. ಸ್ನಾಯುವಿನೊಳಗಿನ ಎಳೆಗಳು ತಾವು ಕುಗ್ಗದೆ ಒಂದರ ಪಕ್ಕ ಒಂದು ಜಾರುವುದರಿಂದ ಸ್ನಾಯು ಗಿಡ್ಡವಾಗುತ್ತದೆ ಎಂಬ ವಿವರಣೆ ಬಂದದ್ದು 1954ರಲ್ಲಿ. ಜಿಮ್‌ಗಳಲ್ಲೆಲ್ಲ ಹೇಳುವ 'ಹತ್ತರ ಮೂರು ಸುತ್ತು' ಕೂಡ ಗಾಳಿಯಲ್ಲಿ ಬಂದದ್ದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಗಾಯಗೊಂಡ ಸೈನಿಕರಿಗೆ ಚಿಕಿತ್ಸೆ ಕೊಡುತ್ತಿದ್ದ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲೋರ್ಮ್, ಕಾಲಿನ ಬಲ ಮರಳಿ ತರಲು ಭಾರವನ್ನು ಹಂತಹಂತವಾಗಿ ಏರಿಸುವ ಕ್ರಮವನ್ನು 1945ರಲ್ಲಿ ಪ್ರಕಟಿಸಿದರು. ಕೆಲವು ವರ್ಷಗಳಲ್ಲೇ ಅದು ಹತ್ತರ ಮೂರು ಸುತ್ತುಗಳಿಗೆ ಬಂದು ನಿಂತಿತು: ಹತ್ತು ಸಲ ಮಾತ್ರ ಎತ್ತಲಾಗುವ ಭಾರದ ಅರ್ಧ, ಮುಕ್ಕಾಲು, ಆಮೇಲೆ ಪೂರ್ತಿ. ನಾವು ದಿನವೂ ಬಾಯಲ್ಲಿ ಹೇಳುವ ಎಣಿಕೆಯ ಹಿಂದೆ ಮತ್ತೆ ನಡೆಯಲು ಕಲಿಯುತ್ತಿದ್ದ ಸೈನಿಕರಿದ್ದಾರೆ ಎಂದು ತಿಳಿದ ಮೇಲೆ ಅದನ್ನು ಬೇಕಾಬಿಟ್ಟಿ ಹೇಳಲು ನನಗೆ ಮನಸ್ಸಾಗುವುದಿಲ್ಲ.

ಸಂಖ್ಯಾಶಾಸ್ತ್ರ ಬೇಡವೆನ್ನುವವರು ನನ್ನ ಸಹೋದ್ಯೋಗಿಗಳಲ್ಲಿ ಬಹಳ ಮಂದಿ. ನನ್ನ ಯೋಜನೆಯಲ್ಲಿ ಅದನ್ನು ಮೊದಲ ವರ್ಷಕ್ಕೇ ತಂದಿಟ್ಟಿದ್ದೇನೆ. ಜೆರೆಮಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ಲಂಡನ್ ಸಾರಿಗೆಯ ಸುಮಾರು 31,000 ನೌಕರರ ಅಧ್ಯಯನ ಪ್ರಕಟಿಸಿದರು. ದಿನವಿಡೀ ಕುಳಿತಿರುವ ಬಸ್ ಚಾಲಕರಿಗಿಂತ ಎರಡು ಅಂತಸ್ತಿನ ಬಸ್ಸಿನ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಲ್ಲಿ ಹೃದಯದ ಕಾಯಿಲೆ ಕಡಿಮೆ ಇತ್ತು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆದರೆ ಮಾರಿಸ್ ಅಲ್ಲಿಗೆ ನಿಲ್ಲಲಿಲ್ಲ. ನೌಕರರ ಸಮವಸ್ತ್ರದ ಪ್ಯಾಂಟಿನ ಸೊಂಟದಳತೆಯ ದಾಖಲೆಗಳನ್ನು ತರಿಸಿ ನೋಡಿದರು. ಚಿಕ್ಕ ವಯಸ್ಸಿನ ಚಾಲಕರ ಸೊಂಟವೂ ಅದೇ ವಯಸ್ಸಿನ ನಿರ್ವಾಹಕರದ್ದಕ್ಕಿಂತ ದಪ್ಪವಿತ್ತು. ಹಾಗಾದರೆ ಕೆಲಸವೇ ಅವರನ್ನು ಹಾಗೆ ಮಾಡಿತೋ, ಮೈಕಟ್ಟು ಹಾಗಿದ್ದವರೇ ಚಾಲಕರಾದರೋ? ಈ ಎರಡನೇ ಪ್ರಶ್ನೆ ಕೇಳುವ ಶಿಸ್ತನ್ನು ಕೊಡುವುದೇ ಸಂಖ್ಯಾಶಾಸ್ತ್ರ ಮತ್ತು ಸಂಶೋಧನಾ ವಿಧಾನದ ಪಾಠ. ಮೊಬೈಲಿನಲ್ಲಿ ದಿನಕ್ಕೊಂದು ಪವಾಡದ ವ್ಯಾಯಾಮ ಬಂದು ಬೀಳುವ ಈ ಕಾಲದಲ್ಲಿ ನಮ್ಮ ವೃತ್ತಿಯವರಿಗೆ ಅದಕ್ಕಿಂತ ತುರ್ತಾದದ್ದು ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ಇನ್ನು ಪ್ರಯೋಗಾಲಯ. ವಿಭಾಗಗಳಿಗೆ ಬರೆದು ವಿಚಾರಿಸುವಾಗ ಯಂತ್ರಗಳ ಪಟ್ಟಿ ಕೇಳುವುದಿಲ್ಲ. ಗರಿಷ್ಠ ಆಮ್ಲಜನಕ ಬಳಕೆಯ ಪರೀಕ್ಷೆಯನ್ನು ವಿದ್ಯಾರ್ಥಿಗಳು ತಾವೇ ನಡೆಸುತ್ತಾರೋ, ಶಿಕ್ಷಕರು ನಡೆಸುವುದನ್ನು ನಿಂತು ನೋಡುತ್ತಾರೋ ಎಂದು ಕೇಳುತ್ತೇನೆ. ಇದಕ್ಕೆ ಬರುವ ಉತ್ತರದಿಂದಲೇ ಎಷ್ಟೋ ವಿಷಯ ಗೊತ್ತಾಗುತ್ತದೆ. ಮುಖಕ್ಕೆ ಮಾಸ್ಕ್ ಬಿಗಿದು, ಟ್ರೆಡ್‌ಮಿಲ್ಲಿನ ವೇಗವನ್ನೂ ಇಳಿಜಾರನ್ನೂ ಕೆಲವು ನಿಮಿಷಗಳಿಗೊಮ್ಮೆ ಏರಿಸುತ್ತಾ, ದೇಹ ಬಳಸಿಕೊಂಡ ಆಮ್ಲಜನಕವನ್ನೂ ಹೊರಬಂದ ಇಂಗಾಲದ ಡೈಆಕ್ಸೈಡನ್ನೂ ಅಳೆಯುವ ಪರೀಕ್ಷೆ ಇದು. ಹೊರಬರುವ ಇಂಗಾಲದ ಡೈಆಕ್ಸೈಡಿನ ಪ್ರಮಾಣ ಬಳಕೆಯಾದ ಆಮ್ಲಜನಕವನ್ನು ಮೀರಿ, ಅನುಪಾತ 1.1 ದಾಟಿದರೆ ವ್ಯಕ್ತಿ ತನ್ನ ಮಿತಿಯ ಹತ್ತಿರ ಬಂದಿದ್ದಾನೆ ಎಂದು ತಿಳಿಯಬೇಕು. ಪರದೆಯ ಮೇಲಿನ ಅಂಕಿಗಳನ್ನು ಓದುವುದು ಕಷ್ಟವಲ್ಲ. ಬೆವರುತ್ತಿರುವ ಆ ಮುಖವನ್ನು ಓದುತ್ತಾ ಯಾವಾಗ ನಿಲ್ಲಿಸಬೇಕೆಂದು ನಿರ್ಧರಿಸುವುದನ್ನು ಪುಸ್ತಕ ಕಲಿಸಲಾರದು. ರಕ್ತದೊತ್ತಡವೂ ಹಾಗೆಯೇ. ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತುವ ಯಂತ್ರ ವ್ಯಾಯಾಮದ ನಡುವೆ ಕೈ ಅಲುಗಿದಾಗ ತಡವರಿಸುತ್ತದೆ. ರಷ್ಯಾದ ವೈದ್ಯ ನಿಕೊಲಾಯ್ ಕೊರೊಟ್ಕೊವ್ 1905ರಲ್ಲಿ ವಿವರಿಸಿದ, ತೋಳಿನ ಪಟ್ಟಿಯ ಗಾಳಿ ಇಳಿಸುವಾಗ ಕೇಳುವ ಬಡಿತದ ಸದ್ದುಗಳನ್ನು, ಟ್ರೆಡ್‌ಮಿಲ್ಲಿನ ಗದ್ದಲದ ನಡುವೆ ಸ್ಟೆತೊಸ್ಕೋಪಿನಲ್ಲಿ ಹಿಡಿಯುವಷ್ಟು ಕಿವಿ ಪಳಗಬೇಕು ಎಂಬುದು ನನ್ನ ಬಯಕೆ.

ಕಲಿಸುವ ಕಲೆಯನ್ನು ವಿಜ್ಞಾನದ ಕೆಳಗಿನ ಮೆಟ್ಟಿಲೆಂದು ಕಾಣುವ ವಿಭಾಗಗಳೂ ಇವೆ. ಅದನ್ನು ನಾನು ಒಪ್ಪುವುದಿಲ್ಲ. ಗುಂಪಿನ ತರಗತಿ ನಡೆಸಿದವರಿಗೆ ಅದರ ಕಷ್ಟ ಗೊತ್ತು. ಸಂಗೀತ ಎಂಟೆಂಟು ಎಣಿಕೆಗಳಲ್ಲಿ ಸಾಗುತ್ತದೆ, ಅಂಥ ನಾಲ್ಕು ಸೇರಿ ಮೂವತ್ತೆರಡರ ಒಂದು ಸುತ್ತು. ಮುಂದಿನ ಚಲನೆಯ ಸೂಚನೆ ಸುತ್ತು ಮುಗಿದ ಮೇಲೆ ಬಂದರೆ ತಂಡ ಚದುರುತ್ತದೆ, ಕೊನೆಯ ನಾಲ್ಕು ಎಣಿಕೆಗಳೊಳಗೆ ಬಾಯಿಂದ ಹೊರಬಿದ್ದಿರಬೇಕು. ಎದುರು ನಿಂತು ಕಲಿಸುವಾಗ "ಬಲಗಾಲು" ಎನ್ನುತ್ತಾ ನನ್ನ ಎಡಗಾಲನ್ನು ಮುಂದಿಡಬೇಕು, ಅವರ ಕನ್ನಡಿಯಂತೆ. ಅದೇ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಯಾರ ಮಂಡಿ ಒಳಕ್ಕೆ ವಾಲುತ್ತಿದೆ, ಯಾರು ಉಸಿರು ಬಿಗಿಹಿಡಿದಿದ್ದಾರೆ ಎಂದು ನೋಡಬೇಕು. ಭಾರ ಎತ್ತುವಾಗ ಉಸಿರು ಕಟ್ಟಿದರೆ ರಕ್ತದೊತ್ತಡ ಥಟ್ಟನೆ ಏರುತ್ತದೆ, ಒತ್ತಡದ ಕಾಯಿಲೆ ಇರುವವರಿಗೆ ಅದು ಅಪಾಯ. ಇಷ್ಟನ್ನೂ ಒಟ್ಟಿಗೆ ಮಾಡುವುದನ್ನು ಒಬ್ಬ ಅನುಭವಿ ಹಿಂದೆ ನಿಂತು ನೋಡಿ, ತಿದ್ದಿ ಹೇಳುವ ಮೇಲ್ವಿಚಾರಣೆ ಪದವಿಯಲ್ಲಿ ಇರಬೇಕು. ಇಂಟರ್ನ್‌ಶಿಪ್ ಎಂದು ಬರೆದು, ವಿದ್ಯಾರ್ಥಿಯನ್ನು ಯಾವುದೋ ಕೇಂದ್ರದ ಮುಂಭಾಗದ ಮೇಜಿನಲ್ಲಿ ಕೂರಿಸಿ ಹಾಜರಿ ಹಾಕಿಸಿಕೊಳ್ಳುವುದು ನನಗೆ ಬೇಡ. ಹೃದ್ರೋಗಿಗಳ ಪುನಶ್ಚೇತನ ಘಟಕದಲ್ಲಿ ಅಥವಾ ಹಿರಿಯರ ಕೇಂದ್ರದಲ್ಲಿ ಕೆಲಸ ಮಾಡುವ ಅವಕಾಶವಿರುವ ಕಡೆಗೆ ನನ್ನ ಒಲವು.

ಮನೋವಿಜ್ಞಾನಕ್ಕೂ ಜಾಗ ಮಾಡಿಕೊಂಡಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ವ್ಯಾಯಾಮ, ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ಕೆಲಸ, 65 ದಾಟಿದವರಿಗೆ ಅದರ ಜೊತೆಗೆ ಮೂರು ದಿನ ಸಮತೋಲನದ ಅಭ್ಯಾಸ ಎಂದು ಹೇಳುತ್ತದೆ. ಹೇಳುವುದು ಸುಲಭ. ಮೊದಲ ವಾರ ಉತ್ಸಾಹದಿಂದ ಬಂದವರು ಎರಡನೇ ತಿಂಗಳಲ್ಲಿ ಏಕೆ ಕಾಣೆಯಾಗುತ್ತಾರೆ? ಧೂಮಪಾನ ಬಿಡುವವರನ್ನು ಅಧ್ಯಯನ ಮಾಡಿ ಮನೋವಿಜ್ಞಾನಿಗಳಾದ ಪ್ರೊಚಾಸ್ಕ ಮತ್ತು ಡಿಕ್ಲೆಮೆಂಟಿ 1983ರಲ್ಲಿ ವಿವರಿಸಿದ ಬದಲಾವಣೆಯ ಹಂತಗಳನ್ನು ವ್ಯಾಯಾಮಕ್ಕೂ ಅನ್ವಯಿಸುತ್ತಾರೆ. ಇನ್ನೂ ಯೋಚಿಸುತ್ತಿರುವವರಿಗೆ ಹೇಳುವ ಮಾತು ಬೇರೆ, ಶುರುಮಾಡಿದವರಿಗೆ ಹೇಳುವ ಮಾತು ಬೇರೆ.

ಪೋಷಣೆಯ ಪಾಠ ಒಂದು ಸೆಮಿಸ್ಟರ್ ಸಾಕು. ಕಾಯಿಲೆಗೆ ಪಥ್ಯ ಬರೆದುಕೊಡುವುದು ಆಹಾರತಜ್ಞರ ಕೆಲಸ. ನೋವಿಗೆ ಚಿಕಿತ್ಸೆ ಕೊಡುವುದು ಫಿಸಿಯೋಥೆರಪಿಸ್ಟರ ಕೆಲಸ, ಅದಕ್ಕೆ ಬೇರೆಯೇ ಪದವಿ, ಬೇರೆಯೇ ನೋಂದಣಿ. ವ್ಯಾಯಾಮ ವಿಜ್ಞಾನದ ಪದವೀಧರರನ್ನೂ ಸೇರಿಸಿಕೊಳ್ಳುವ ದೇಶಗಳಲ್ಲಿ ಫಿಸಿಯೋಥೆರಪಿಯಲ್ಲಿ ಸ್ನಾತಕೋತ್ತರ ಓದಬೇಕೆಂಬ ಆಲೋಚನೆ ಇರುವವರು ಅಲ್ಲಿನ ಪ್ರವೇಶಕ್ಕೆ ಬೇಕಾದ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಈಗಲೇ ನೋಡಿಕೊಂಡು ಪಟ್ಟಿಗೆ ಸೇರಿಸಿಕೊಳ್ಳುವುದು ಮೇಲು. ಕೊನೆಯ ವರ್ಷದಲ್ಲಿ ಎಚ್ಚೆತ್ತರೆ ಹೊತ್ತು ಮೀರಿರುತ್ತದೆ. ಪದವಿಯ ಜೊತೆಗೆ ವೃತ್ತಿಸಂಘಗಳ ಪ್ರಮಾಣಪತ್ರವೂ ಬೇಕಾಗುತ್ತದೆ. ಅಂಥವುಗಳಲ್ಲಿ ಕೆಲವು ಪರೀಕ್ಷೆಗೆ ಕೂರಲೇ ಪದವಿ ಕೇಳುತ್ತವೆ, ಹೃದಯ ಸ್ತಂಭನವಾದಾಗ ಎದೆಯೊತ್ತಿ ಜೀವ ಉಳಿಸುವ ತರಬೇತಿ ಚಾಲ್ತಿಯಲ್ಲಿರಬೇಕೆಂದೂ ಕೇಳುತ್ತವೆ. ಅದು ನನ್ನಲ್ಲಿದೆ, ಗಡುವು ಮುಗಿಯುವ ಮೊದಲೇ ನವೀಕರಿಸಿಕೊಳ್ಳುತ್ತೇನೆ.

ಉಳಿದದ್ದು ಸಮಯದ ಲೆಕ್ಕ. ಕೆಲಸ ಬಿಟ್ಟು ಓದುವ ಸ್ಥಿತಿ ನನ್ನದಲ್ಲ, ತಂಡವನ್ನು ಬಿಡಲು ಮನಸ್ಸೂ ಇಲ್ಲ. ಯುರೋಪಿನ ವಿಶ್ವವಿದ್ಯಾಲಯಗಳ ಕ್ರೆಡಿಟ್ ಲೆಕ್ಕ ನನಗೆ ಬಹಳ ಉಪಯೋಗಕ್ಕೆ ಬಂತು. ಅಲ್ಲಿ ಒಂದು ಕ್ರೆಡಿಟ್ ಎಂದರೆ ತರಗತಿ, ಪ್ರಯೋಗ, ಮನೆಯ ಓದು ಎಲ್ಲ ಸೇರಿ 25ರಿಂದ 30 ಗಂಟೆಗಳ ದುಡಿಮೆ. ವರ್ಷಕ್ಕೆ 60 ಕ್ರೆಡಿಟ್, ಮೂರು ವರ್ಷದ ಪದವಿಗೆ 180. ಒಂದು ಸೆಮಿಸ್ಟರಿನ 30 ಕ್ರೆಡಿಟ್ ಎಂದರೆ 750ರಿಂದ 900 ಗಂಟೆ, ಇಪ್ಪತ್ತು ವಾರಗಳಿಗೆ ಹಂಚಿದರೆ ವಾರಕ್ಕೆ ಸುಮಾರು 40 ಗಂಟೆ. ಅದೊಂದು ಪೂರ್ಣಾವಧಿ ಉದ್ಯೋಗ. ಎಲ್ಲಿ ಓದಿದರೂ ಈ ದುಡಿಮೆ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ ಎಂದು ಇಟ್ಟುಕೊಂಡರೆ, ಎರಡು ಹೊತ್ತಿನ ತರಗತಿ ನಡೆಸುತ್ತಾ ಪೂರ್ತಿ ಭಾರ ಹೊರಲು ನನಗೆ ಸಾಧ್ಯವಿಲ್ಲ. ಅರ್ಧ ಭಾರ ತೆಗೆದುಕೊಂಡರೆ ವಾರಕ್ಕೆ 20 ಗಂಟೆ, ಮೂರು ವರ್ಷದ್ದು ಆರು ವರ್ಷ. ನಡುವಿನ ದಾರಿಯೊಂದನ್ನು ಗುರುತಿಸಿದ್ದೇನೆ: ಮೊದಲ ಎರಡು ವರ್ಷ ಬುನಾದಿ ವಿಷಯಗಳನ್ನು ಅರ್ಧ ಭಾರದಲ್ಲಿ ಮುಗಿಸುವುದು, ಪ್ರಯೋಗಾಲಯ ಮತ್ತು ಇಂಟರ್ನ್‌ಶಿಪ್ ಬರುವ ಹೊತ್ತಿಗೆ ಸಂಜೆಯ ತಂಡವನ್ನು ಸಹೋದ್ಯೋಗಿಯೊಬ್ಬರಿಗೆ ಒಪ್ಪಿಸಿ ಪೂರ್ಣಾವಧಿಗೆ ಹೋಗುವುದು. ಅರ್ಧ ಭಾರದಿಂದ ಪೂರ್ಣಾವಧಿಗೆ ಬದಲಾಗಲು ಬಿಡುತ್ತಾರೆಯೇ, ನನ್ನ ಈಗಿನ ಅನುಭವಕ್ಕೆ ಯಾವುದಾದರೂ ವಿಷಯದಲ್ಲಿ ವಿನಾಯಿತಿ ಇದೆಯೇ ಎಂದು ಪಟ್ಟಿಯಲ್ಲಿ ಉಳಿದ ಎರಡು ವಿಭಾಗಗಳನ್ನು ಕೇಳಿದ್ದೇನೆ. ಒಂದರಿಂದ ಉತ್ತರ ಬಂದಿದೆ: ಬದಲಾವಣೆಗೆ ಅಡ್ಡಿಯಿಲ್ಲ, ಗುಂಪು ವ್ಯಾಯಾಮದ ಪ್ರಾಯೋಗಿಕ ವಿಷಯಕ್ಕೆ ವಿನಾಯಿತಿಯನ್ನೂ ಕೊಡಬಹುದು, ಆದರೆ ಅಂಗರಚನಾಶಾಸ್ತ್ರಕ್ಕೆ ಯಾರಿಗೂ ಇಲ್ಲ. ಅದೇ ಸರಿ ಎನಿಸಿತು. ಅರ್ಜಿ ಅಲ್ಲಿಗೇ ಹಾಕುತ್ತಿದ್ದೇನೆ. ರಸಾಯನಶಾಸ್ತ್ರದ ಹಳೆಯ ಪಠ್ಯವನ್ನು ಈ ವಾರದಿಂದ ಬೆಳಗಿನ ತಂಡ ಹೋದ ಮೇಲೆ ಓದಲು ಕೂರುತ್ತೇನೆ.